ಮನೆಯಲ್ಲಿ ಆಕಸ್ಮಿಕ ವಿಷಪ್ರಾಶನ: ಪ್ರಥಮ ಚಿಕಿತ್ಸೆಯ ಇತಿಹಾಸ

ಕೊಲ್ಲುವ ಅಥವಾ ಸಾಯುವ ಉದ್ದೇಶವಿಲ್ಲದೆ ಮನೆ, ಹಿತ್ತಲು, ಕೊಟ್ಟಿಗೆಗಳಲ್ಲಿ ವಿಷಪದಾರ್ಥವೊಂದು ಬಾಯಿ, ಉಸಿರು, ಚರ್ಮ ಅಥವಾ ಕಣ್ಣಿನ ಮೂಲಕ ದೇಹವನ್ನು ಸೇರಿದಾಗ, ರೋಗಿ ವೈದ್ಯರ ಕೈ ಸೇರುವವರೆಗೆ ಹತ್ತಿರದಲ್ಲಿದ್ದವರು ಮಾಡುವ ಉಪಚಾರವೇ ಆಕಸ್ಮಿಕ ವಿಷಪ್ರಾಶನದ ಪ್ರಥಮ ಚಿಕಿತ್ಸೆ. ಇದರ ಇತಿಹಾಸದಲ್ಲಿ ಹೊಸ ಮದ್ದುಗಳು ಬಂದದ್ದಕ್ಕಿಂತ ಹಳೆಯ ಮದ್ದುಗಳು, ಅದರಲ್ಲೂ ವಾಂತಿ ಮಾಡಿಸುವ ರೂಢಿ, ಬಿಟ್ಟುಹೋದದ್ದೇ ಹೆಚ್ಚು ಮುಖ್ಯವಾದ ಸಂಗತಿ.

ಆಯುರ್ವೇದದ ಎಂಟು ಅಂಗಗಳಲ್ಲಿ ವಿಷಚಿಕಿತ್ಸೆಗೆ ಮೀಸಲಾದುದು ಅಗದತಂತ್ರ. ಸುಶ್ರುತಸಂಹಿತೆಯ ಕಲ್ಪಸ್ಥಾನವು ಸ್ಥಾವರ ವಿಷವನ್ನು, ಎಂದರೆ ಗಿಡಮರ ಮತ್ತು ಖನಿಜಗಳಿಂದ ಬರುವ ವಿಷವನ್ನು, ಬೇರು, ಎಲೆ, ಹಣ್ಣು, ಹೂ, ತೊಗಟೆ, ಹಾಲು ಮೊದಲಾದ ಹತ್ತು ನೆಲೆಗಳಿಗೆ ಹಂಚಿ, ಹಾವು, ಚೇಳು ಮುಂತಾದ ಜೀವಿಗಳ ವಿಷವನ್ನು ಜಂಗಮವೆಂದು ಬೇರೆ ಮಾಡುತ್ತದೆ. ಚರಕಸಂಹಿತೆ ಹೇಳುವ 24 ಉಪಕ್ರಮಗಳಲ್ಲಿ ಮಂತ್ರ, ಕಟ್ಟು ಹಾಕುವುದು, ರಕ್ತಮೋಕ್ಷಣ, ವಮನ (ವಾಂತಿ ಮಾಡಿಸುವುದು), ವಿರೇಚನ (ಭೇದಿ ಮಾಡಿಸುವುದು), ಪ್ರತಿವಿಷ ಇವೆಲ್ಲ ಸೇರಿವೆ. ರಾಷ್ಟ್ರಕೂಟರ ಕಾಲದ ಜೈನ ವೈದ್ಯ ಉಗ್ರಾದಿತ್ಯನ ಸಂಸ್ಕೃತ ಗ್ರಂಥ ‘ಕಲ್ಯಾಣಕಾರಕ’ದಲ್ಲಿಯೂ ವಿಷಚಿಕಿತ್ಸೆಗೆ ಸ್ಥಾನವಿದೆ.

ಈ ವಿಷಯ ಕನ್ನಡದಲ್ಲಿ ಸ್ವತಂತ್ರ ಗ್ರಂಥವಾಗಿ ದೊರೆಯುವುದು ಒಂದನೆಯ ಮಂಗರಾಜನ ‘ಖಗೇಂದ್ರಮಣಿದರ್ಪಣ’ದಲ್ಲಿ. ಹೊಯ್ಸಳ ದೇಶದ ಮುಗುಳಿಪುರದ ಒಡೆಯನಾಗಿದ್ದ ಈ ಜೈನ ಕವಿ, ಹಳೇಬೀಡಿನ ಹೊಯ್ಸಳರ ಅರಸುತನ ಅಳಿದು ಎರಡು ದಶಕ ಕಳೆಯುವಷ್ಟರಲ್ಲಿ, ಸುಮಾರು 1360ರಲ್ಲಿ, ವಿಜಯನಗರದ ಅರಸರ ಕಾಲದಲ್ಲಿ ಇದನ್ನು ರಚಿಸಿದನು. ಜೈನ ಆಚಾರ್ಯ ಪೂಜ್ಯಪಾದರ ಪರಂಪರೆಯನ್ನು ಆಧರಿಸಿದ, 16 ಅಧಿಕಾರಗಳ (ಅಧ್ಯಾಯಗಳ) ಈ ಪದ್ಯಗ್ರಂಥವನ್ನು ಮದರಾಸು ವಿಶ್ವವಿದ್ಯಾನಿಲಯ 1942ರಲ್ಲಿ ಪ್ರಕಟಿಸಿತು. ಸ್ಥಾವರ, ಜಂಗಮ ವಿಷಗಳೆರಡನ್ನೂ ಒಳಗೊಂಡ ಇದರಲ್ಲಿ ಔಷಧದ ಜೊತೆಗೆ ಮಂತ್ರವೂ ಇದೆ. ಇದರ ಮದ್ದುಗಳನ್ನು ಇಂದು ಮನೆಯಲ್ಲಿ ಪ್ರಯೋಗಿಸಲಾಗದು. ಆದರೆ ವಿಷ ಯಾವುದೆಂದು ಮೊದಲು ಗುರುತಿಸಿ ಆ ಬಳಿಕ ಉಪಚಾರಕ್ಕೆ ಇಳಿಯಬೇಕೆಂಬ ಅದರ ಕ್ರಮ ಹಳತಾಗಿಲ್ಲ.

ವೈದ್ಯಗ್ರಂಥ ಓದದ ಮನೆಗಳಲ್ಲಿ ಈ ಗುರುತಿಸುವಿಕೆ ಅಷ್ಟು ಕಷ್ಟವಾಗಿರಲಿಲ್ಲ. ಮಕ್ಕಳು ಬಾಯಿಗೆ ಹಾಕಿಕೊಳ್ಳಬಹುದಾದ ಉಮ್ಮತ್ತಿಕಾಯಿ, ಕಣಗಿಲೆ, ಕಾಡುಹರಳು, ಗುಲಗಂಜಿ ಎಲ್ಲರೂ ಬಲ್ಲ ಗಿಡಗಳಾಗಿದ್ದವು. ಉಪ್ಪುನೀರು, ಹುಣಸೆನೀರು, ಸಾಬೂನಿನ ನೀರು, ಕೆಲವೆಡೆ ಸಗಣಿನೀರನ್ನೂ ಕುಡಿಸಿ ಕಕ್ಕಿಸುವುದು ರೂಢಿಯ ಉಪಚಾರವಾಗಿತ್ತು. ಒಳಗೆ ಹೋದದ್ದು ಹೊರಗೆ ಬರಬೇಕೆಂಬ ಇದರ ತರ್ಕ ಮೇಲುನೋಟಕ್ಕೆ ನಿರಾಕರಿಸಲಾಗದಂಥದು, ಹಾಗಾಗಿಯೇ ಅದು ಇಷ್ಟು ಕಾಲ ಬಾಳಿತು. ಅತಿಯಾದ ಉಪ್ಪುನೀರಿನಿಂದ ರಕ್ತದ ಸೋಡಿಯಂ ಏರಿ ಮಗು ಸಾಯಬಹುದೆಂಬುದು ಬಹಳ ತಡವಾಗಿ ಮನದಟ್ಟಾಯಿತು.

ಪಾಶ್ಚಾತ್ಯ ವೈದ್ಯವೂ ಈ ತರ್ಕಕ್ಕೆ ಹೊರತಾಗಿರಲಿಲ್ಲ. ಫ್ರೆಂಚ್ ಔಷಧಕಾರ ಟುಯೇರಿ 19ನೆಯ ಶತಮಾನದಲ್ಲಿ, ಕಾಸರಕದ ಬೀಜದಲ್ಲಿರುವ ಸ್ಟ್ರಿಕ್ನೀನನ್ನು ಇದ್ದಿಲಿನ ಪುಡಿಯೊಂದಿಗೆ ನುಂಗಿ ಬದುಕಿ ತೋರಿಸಿದ ಮೇಲೆ, ವಿಷವನ್ನು ತನ್ನ ಮೈಗೆ ಅಂಟಿಸಿಕೊಳ್ಳುವ ಇದ್ದಿಲಿನ ಗುಣ ಪ್ರಸಿದ್ಧಿಗೆ ಬಂತು. ಇದ್ದಿಲು, ಟ್ಯಾನಿಕ್ ಆಮ್ಲ, ಮೆಗ್ನೀಷಿಯಾ ಬೆರೆಸಿದ ‘ಸಾರ್ವತ್ರಿಕ ಪ್ರತಿವಿಷ’ಕ್ಕೆ ಬದಲಾಗಿ ಸುಟ್ಟು ಕರಿಯಾದ ಬ್ರೆಡ್ಡು, ಗಟ್ಟಿ ಚಹಾ ಮತ್ತು ಮಿಲ್ಕ್ ಆಫ್ ಮೆಗ್ನೀಷಿಯಾ ಸಾಕೆಂದು 20ನೆಯ ಶತಮಾನದ ಕೈಪಿಡಿಗಳು ಬರೆದವು. ಸುಟ್ಟ ಬ್ರೆಡ್ಡು ಔಷಧದ ಇದ್ದಿಲಲ್ಲ, ಉಳಿದೆರಡು ಇದ್ದಿಲಿನ ಕೆಲಸಕ್ಕೇ ಅಡ್ಡಿ ಎಂಬುದು ಅನಂತರ ತಿಳಿಯಿತು. ವಾಂತಿ ತರಿಸುವ ಇಪಿಕಾಕ್ ಸಿರಪ್ಪನ್ನು ಅಮೆರಿಕ 1965ರಲ್ಲಿ ಚೀಟಿಯಿಲ್ಲದೆ ಮಾರಲು ಬಿಟ್ಟಿತು. 2003ರಲ್ಲಿ ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿಯೇ ಅದನ್ನು ಮನೆಯಲ್ಲಿ ಬಳಸಬಾರದೆಂದು ಹೇಳಿತು.

ಕರ್ನಾಟಕದ ಮನೆಗಳ ಮಟ್ಟಿಗೆ ಈ ಪಾಠವನ್ನು ಸ್ಪಷ್ಟವಾಗಿ ಕಲಿಸಿದ್ದು ಸೀಮೆಎಣ್ಣೆ. ಸೋಡಾ ಬಾಟಲಿಯಲ್ಲಿಟ್ಟ ಸೀಮೆಎಣ್ಣೆಯನ್ನು ನೀರೆಂದು ಕುಡಿದ ಮಗುವಿಗೆ ಹೊಟ್ಟೆಯಲ್ಲಿ ಆಗುವ ಹಾನಿ ಅಲ್ಪ. ಅದನ್ನು ಕಕ್ಕಿಸಿದಾಗ ಎಣ್ಣೆ ಶ್ವಾಸನಾಳಕ್ಕೆ ಇಳಿದು ರಾಸಾಯನಿಕ ನ್ಯುಮೋನಿಯಾ, ಎಂದರೆ ಶ್ವಾಸಕೋಶದ ಉರಿಯೂತ, ಉಂಟಾಗುತ್ತದೆ. ಶೌಚಾಲಯ ತೊಳೆಯುವ ಆಸಿಡ್ ನುಂಗಿದವರಲ್ಲಿ ವಾಂತಿಯು ಅನ್ನನಾಳವನ್ನು ಎರಡನೆಯ ಬಾರಿ ಸುಡುತ್ತದೆ. ಎಲ್ಲ ವಿಷಕ್ಕೂ ಹಾಲು ಎಂಬ ನಂಬಿಕೆಯೂ ನಿಲ್ಲದು, ಏಕೆಂದರೆ ಇಲಿಪಾಷಾಣದ ಕೆಲವು ಪೇಸ್ಟುಗಳಲ್ಲಿರುವ ಹಳದಿ ರಂಜಕ ಕೊಬ್ಬಿನೊಂದಿಗೆ ಇನ್ನೂ ಬೇಗ ರಕ್ತವನ್ನು ಸೇರುತ್ತದೆ.

ಕೀಟನಾಶಕಗಳ ಆಗಮನ ಎಲ್ಲಕ್ಕಿಂತ ದೊಡ್ಡ ತಿರುವು. 1958ರಲ್ಲಿ ಕೇರಳದಲ್ಲಿ, ಸಾಗಣೆಯ ವೇಳೆ ಪ್ಯಾರಾಥಯಾನ್ ಬೆರೆತ ಗೋಧಿಹಿಟ್ಟನ್ನು ತಿಂದು ನೂರಕ್ಕೂ ಹೆಚ್ಚು ಜನ ಸತ್ತ ದುರಂತದ ಬಳಿಕ ಆರಂಭವಾದ ಚಿಂತನೆ 1968ರ ಕೀಟನಾಶಕಗಳ ಕಾಯಿದೆಯಲ್ಲಿ ಕೊನೆಗೊಂಡಿತು. 1971ರ ನಿಯಮಗಳು ಡಬ್ಬಿಯ ಮೇಲೆ ವಿಷದ ತೀವ್ರತೆಯನ್ನು ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳಿಂದ ತೋರಿಸುವುದನ್ನು ಕಡ್ಡಾಯ ಮಾಡಿದವು. ಹಾಸನ ಜಿಲ್ಲೆಯಲ್ಲಿ, ಬೇಲೂರಿನ ಕಾಫಿ ತೋಟ, ಅರಸೀಕೆರೆಯ ತೆಂಗು, ಹಳೇಬೀಡು-ಹುಲಿಕೆರೆ ಸುತ್ತಿನ ಹೊಲಗಳಿರುವ ಸೀಮೆಯಲ್ಲಿ ಬೆಳೆಗೆ ಹೊಡೆಯುವ ಔಷಧಿ ಅಟ್ಟ, ಪಡಸಾಲೆ, ಕೊಟ್ಟಿಗೆಗಳಲ್ಲಿ ಉಳಿದುಕೊಳ್ಳುತ್ತದೆ. ಅದನ್ನು ಚಿಕ್ಕ ಬಾಟಲಿಗೆ ಬಗ್ಗಿಸಿಟ್ಟೊಡನೆ ಈ ಬಣ್ಣದ ಗುರುತಿಗೆ ಅರ್ಥವಿಲ್ಲದಂತಾಗುತ್ತದೆ. ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕ ಚರ್ಮದ ಮೂಲಕವೂ ಇಳಿಯುವುದರಿಂದ, ತೊಯ್ದ ಬಟ್ಟೆ ಕಳಚಿ ಮೈಯನ್ನು ಸಾಬೂನಿನಿಂದ ತೊಳೆಯುವುದು ಇಲ್ಲಿ ಮೊದಲ ಚಿಕಿತ್ಸೆಯಾಯಿತು, ತೊಳೆಯುವವರು ಕೈಗವಸು ಹಾಕಿಕೊಳ್ಳಬೇಕಾಯಿತು. ಇದಕ್ಕೆ ಆಸ್ಪತ್ರೆಯಲ್ಲಿ ಕೊಡುವ ಅಟ್ರೊಪಿನ್, ಉಮ್ಮತ್ತಿಯನ್ನು ವಿಷವಾಗಿಸುವ ಸತ್ವಗಳಲ್ಲೇ ಒಂದೆಂಬುದು ಕುತೂಹಲಕರ.

ವಿಷ ಯಾವುದೆಂದು ಹೇಳಬಲ್ಲವರನ್ನು ದೂರವಾಣಿಯ ಇನ್ನೊಂದು ತುದಿಯಲ್ಲಿ ಕೂರಿಸಿದ್ದು ಮುಂದಿನ ಹೆಜ್ಜೆ. ಮೊದಲ ವಿಷ ನಿಯಂತ್ರಣ ಕೇಂದ್ರ 1953ರಲ್ಲಿ ಷಿಕಾಗೋದಲ್ಲಿ ಆರಂಭವಾಯಿತು. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ 1995ರಲ್ಲಿ ತೆರೆಯಿತು. ಇದರ ಶುಲ್ಕರಹಿತ ಸಂಖ್ಯೆ 1800 116 117. ಕರ್ನಾಟಕದಲ್ಲಿ 108 ಆಂಬುಲೆನ್ಸ್ ಸೇವೆ 2008ರ ನವೆಂಬರ್ 1ರಂದು ‘ಆರೋಗ್ಯ ಕವಚ’ವೆಂಬ ಹೆಸರಿನಲ್ಲಿ ಬಂತು. ಜಿಲ್ಲಾ ಕೇಂದ್ರ ಹಾಸನದಿಂದ ಸುಮಾರು 30 ಕಿ.ಮೀ. ದೂರದ ಹಳೇಬೀಡು ಭಾಗಕ್ಕೆ, ಇಂಥ ವಾಹನ ಹೊತ್ತಿಗೆ ಬರುವುದು ಯಾವ ಮನೆಮದ್ದಿಗಿಂತಲೂ ಹೆಚ್ಚಿನದು.

ಇಂದಿನ ರೂಢಿ ಇಷ್ಟು: ವಾಂತಿ ಮಾಡಿಸಬಾರದು, ಪ್ರಜ್ಞೆಯಿಲ್ಲದವರ ಬಾಯಿಗೆ ಏನನ್ನೂ ಹಾಕದೆ, ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಕಣ್ಣಿಗೆ ಬಿದ್ದರೆ 15-20 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಬೇಕು, ಬಾಟಲಿ, ಗುಳಿಗೆಯ ಹಾಳೆ ಅಥವಾ ತಿಂದ ಕಾಯಿಯನ್ನು ರೋಗಿಯೊಂದಿಗೇ ಆಸ್ಪತ್ರೆಗೆ ಒಯ್ಯಬೇಕು. ಸ್ನಾನದ ಮನೆಯ ಗ್ಯಾಸ್ ಗೀಸರಿನಿಂದ ಹೊಮ್ಮುವ ಇಂಗಾಲದ ಮಾನಾಕ್ಸೈಡ್ ವಾಸನೆಯಿಲ್ಲದ ಅನಿಲವಾದುದರಿಂದ, ಬಾಗಿಲು ತೆರೆದು ರೋಗಿಯನ್ನು ಹೊರಗಾಳಿಗೆ ತರುವುದೇ ಅಲ್ಲಿನ ಉಪಚಾರ. ಮನೆಮದ್ದು ಬೇಡವೆಂಬ ಈ ರೂಢಿಗೆ ಈಚೆಗೆ ಒಂದು ಅಪವಾದವೂ ಸೇರಿದೆ. ಆಟಿಕೆಯ ಗುಂಡಿಯಾಕಾರದ ಬ್ಯಾಟರಿಯನ್ನು ನುಂಗಿದ, ಒಂದು ವರ್ಷ ದಾಟಿದ ಮಗುವಿಗೆ, ನುಂಗಿ 12 ಗಂಟೆಯೊಳಗಾಗಿದ್ದರೆ, ಆಸ್ಪತ್ರೆಯ ದಾರಿಯಲ್ಲಿ 10 ನಿಮಿಷಕ್ಕೊಮ್ಮೆ ಎರಡು ಟೀ ಚಮಚದಂತೆ ಆರು ಸಲದವರೆಗೆ ಜೇನುತುಪ್ಪ ಕೊಡಬಹುದೆಂದು ಅಮೆರಿಕದ ವಿಷ ನಿಯಂತ್ರಣ ಕೇಂದ್ರ 2018ರಿಂದ ಹೇಳುತ್ತಿದೆ. ಅದಕ್ಕಾಗಿ ಹೊರಡುವುದನ್ನು ತಡಮಾಡಬಾರದೆಂಬ ಷರತ್ತೂ ಜೊತೆಗಿದೆ.