ಕರಾವಳಿಯ ಮತ್ಸ್ಯಮರಣದ ಲೆಕ್ಕ: ಉಪ್ಪಿನ ಅಂಗಳದಿಂದ ಪರ್ಸೀನಿನವರೆಗೆ

ಸೈದಾಪುರದಂತಹ ಒಳನಾಡಿನ ಊರಿನಲ್ಲಿ ಕುಳಿತು ಕಡಲಮೀನಿನ ಇತಿಹಾಸವನ್ನು ಬರೆಯುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಒಂದೇ ನೀರನ್ನು ಹಲವರು ಬಳಸುವಲ್ಲಿ ಯಾರ ಬಲೆಯಿಂದ ಎಷ್ಟು ಮೀನು ಸತ್ತಿತೆಂಬ ಪ್ರಶ್ನೆ ಕೃಷ್ಣಾ-ಭೀಮಾ ತೀರದ ನಮಗೂ ಹೊರತಾದುದಲ್ಲ. ಅದಕ್ಕೆ ಕರಾವಳಿಯ ಇತಿಹಾಸವು ಒಳ್ಳೆಯ ನಿದರ್ಶನ.

ಮೀನಿನ ಮರಣವನ್ನು ವಿಜ್ಞಾನಿಗಳು ಎರಡಾಗಿ ವಿಂಗಡಿಸುತ್ತಾರೆ. ರೋಗದಿಂದಲೂ ಅನ್ಯಪ್ರಾಣಿಗಳಿಗೆ ಆಹಾರವಾಗುವುದರಿಂದಲೂ ಆಗುವುದು ಸ್ವಾಭಾವಿಕ ಮರಣ. ಬಲೆಯಿಂದಾಗುವುದು ಮೀನುಗಾರಿಕೆಯ ಮರಣ. 1918ರಲ್ಲಿ ರಷ್ಯದ ಬಾರನೋವನು ಇವೆರಡನ್ನೂ ಒಂದೇ ಸಮೀಕರಣಕ್ಕೆ ತಂದನು. 1957ರಲ್ಲಿ ಇಂಗ್ಲೆಂಡಿನ ಬೆವರ್ಟನ್ ಮತ್ತು ಹೋಲ್ಟ್ ಅದನ್ನು ವಿಸ್ತರಿಸಿದರು. ಒಟ್ಟು ಮರಣದಿಂದ ಬಲೆಯ ಪಾಲನ್ನು ಕಳೆದು ಉಳಿದುದನ್ನು ಸ್ವಾಭಾವಿಕವೆನ್ನುವುದು ಒಂದು ಕ್ರಮ. ಅಪಾಯವಿರುವುದೂ ಇಲ್ಲಿಯೇ. ವರ್ಷದಲ್ಲಿ 60 ಮೀನುಗಳು ಸತ್ತು, ಅವುಗಳಲ್ಲಿ ಒಂದು ಗುಂಪಿನವರು 25ನ್ನೂ ಮತ್ತೊಂದು ಗುಂಪಿನವರು 20ನ್ನೂ ಹಿಡಿದಿದ್ದರೆ, ಸ್ವಾಭಾವಿಕ ಮರಣ 15 ಮಾತ್ರ. ಎರಡನೆಯವರ ಲೆಕ್ಕ ಬರೆಯದೆಹೋದರೆ ಅದು 35 ಆಗುತ್ತದೆ. ಬರೆಯದ ಮೀನು ಪ್ರಕೃತಿಯ ಖಾತೆಗೆ ಸೇರುತ್ತದೆ.

ಬ್ರಿಟಿಷರ ಕಾಲದ ಅಂಕೆಗಳಲ್ಲಿ ಈ ದೋಷ ಬಹಳವಿತ್ತು. 1862ರಿಂದ ಉತ್ತರ ಕನ್ನಡವು ಮುಂಬಯಿಗೂ ದಕ್ಷಿಣ ಕನ್ನಡವು ಮದರಾಸಿಗೂ ಸೇರಿದ್ದುದರಿಂದ ಒಂದೇ ಕರಾವಳಿಯ ದಾಖಲೆಗಳು ಎರಡು ಸರಕಾರಗಳ ಕೈಯಲ್ಲಿದ್ದುವು. ಉಪ್ಪಿನ ಇಲಾಖೆಯು ಮೀನಿಗೆ ಉಪ್ಪು ಹಾಕಲು ನಡೆಸಿದ ಅಂಗಳಗಳ ಪುಸ್ತಕಗಳೇ ಮುಖ್ಯ ಆಧಾರ. ಅಲ್ಲಿಗೆ ಬಂದ ಮೀನಷ್ಟೇ ಬರಹಕ್ಕೆ ಬಂದಿತು. ಹಸಿಯಾಗಿ ಮಾರಿದುದೂ, ತೆಂಗಿನ ತೋಟಕ್ಕೆ ಗೊಬ್ಬರವಾದ ಭೂತಾಯಿಯೂ ಹೊರಗುಳಿದುವು. ಅವು ತೆರಿಗೆಯ ಹಿತಕ್ಕಾಗಿ ಬರೆದ ಪುಸ್ತಕಗಳೇ ಹೊರತು ಮೀನಿನ ಗಣತಿಯಲ್ಲ. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನ ಸಂಸ್ಥೆಯು 1947ರಲ್ಲಿ ಸ್ಥಾಪಿತವಾದ ಮೇಲೆ, ಆಯ್ದ ದಡಗಳಲ್ಲಿ ಆಯ್ದ ದಿನಗಳಂದು ಎಣಿಸಿ ಒಟ್ಟು ಪ್ರಮಾಣವನ್ನು ಅಂದಾಜು ಮಾಡುವ ಪದ್ಧತಿ ಬೆಳೆಯಿತು.

ಈ ಲೆಕ್ಕದ ಮಹತ್ವವು 1970ರ ದಶಕದಲ್ಲಿ ಸ್ಪಷ್ಟವಾಯಿತು. ಅದುವರೆಗೆ ಬಂಗುಡೆ, ಭೂತಾಯಿಗಳ ಹಿಂಡು ತೀರಕ್ಕೆ ಬಂದಾಗ ಊರವರು ಕೂಡಿ ರಂಪಣಿ ಬಲೆಯನ್ನು ದಡಕ್ಕೆಳೆದು ಪಾಲು ಹಂಚಿಕೊಳ್ಳುತ್ತಿದ್ದರು. ಆ ದಶಕದ ನಡುಭಾಗದಲ್ಲಿ ಬಂದ ಯಾಂತ್ರಿಕ ದೋಣಿಗಳ ಪರ್ಸೀನ್ ಬಲೆಯು ಹಿಂಡನ್ನು ತೀರ ಸೇರುವ ಮೊದಲೇ ಸುತ್ತುವರಿಯಿತು. ರಂಪಣಿಯವರ ದೂರು ಸಹಜವಾದುದೇ. ಆದರೆ ತೂಕವೊಂದರಿಂದಲೇ ಹೊಣೆಯನ್ನು ಹಂಚಲಾಗದು. ತಲಾ 100 ಗ್ರಾಮಿನ ಮೀನಾದರೆ ಒಂದು ಟನ್ನಿಗೆ 10,000. ತಲಾ 50 ಗ್ರಾಮಿನ ಮರಿಗಳಾದರೆ 20,000. ಆದುದರಿಂದ ಪ್ರತಿಯೊಂದು ಬಲೆಯ ಮೀನಿನ ಗಾತ್ರವನ್ನೂ ವಯಸ್ಸನ್ನೂ ಬೇರೆಬೇರೆಯಾಗಿ ತಿಳಿಯಬೇಕು. ಭೂತಾಯಿಯ ಹೆಚ್ಚುಕಡಿಮೆ ಕಡಲಿನ ಸ್ಥಿತಿಯನ್ನೂ ಅವಲಂಬಿಸಿರುವುದರಿಂದ, ಒಂದು ವರ್ಷದ ಅಭಾವವು ಯಾರ ತಪ್ಪಿಗೂ ಸಾಕ್ಷಿಯಾಗದು.

1986ರಲ್ಲಿ ಕರ್ನಾಟಕವು ಸಮುದ್ರ ಮೀನುಗಾರಿಕೆಯ ನಿಯಂತ್ರಣ ಕಾಯಿದೆಯನ್ನು ಮಾಡುವ ವೇಳೆಗೆ ರಂಪಣಿಯು ಬಹುಮಟ್ಟಿಗೆ ಮರೆಯಾಗುತ್ತಿತ್ತು. ನಿರ್ಬಂಧವು ಯಾರ ಮೇಲೆ ಬೀಳಬೇಕೆಂಬುದನ್ನು ಲೆಕ್ಕವು ನಿರ್ಣಯಿಸುವುದಾದರೆ, ಲೆಕ್ಕದಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬುದನ್ನು ವಿಚಾರಿಸುವುದು ಇತಿಹಾಸಕಾರನ ಕೆಲಸ. ನಾರಾಯಣಪುರದ ಜಲಾಶಯವನ್ನು ಅಭ್ಯಸಿಸುವ ನಮ್ಮ ವಿದ್ಯಾರ್ಥಿಯೂ ಹರಗೋಲಿನವನು ಮನೆಗೆ ಒಯ್ದ ಮೀನನ್ನು ಮೊದಲು ಕೇಳಿ ಬರೆದುಕೊಳ್ಳಲಿ.