ಪ್ರತಿಯೂ ಪಡಿಯಚ್ಚೂ: ಹಾರ್ಡ್‌ಡಿಸ್ಕ್ ಇಮೇಜಿನ ಚರಿತ್ರೆ ಮತ್ತು ಯೂನಿಕೋಡ್‌ಪೂರ್ವ ಕನ್ನಡ

ಶಾಸನವೊಂದನ್ನು ದಾಖಲಿಸಲು ಎರಡು ಮಾರ್ಗಗಳಿವೆ. ಕಲ್ಲಿನ ಮುಂದೆ ಕುಳಿತು ಅಕ್ಷರಗಳನ್ನು ಓದಿ ಬರೆದುಕೊಳ್ಳುವುದು ಒಂದು. ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹಾಸಿ, ಕುಂಚದಿಂದ ಬಡಿದು, ಮಸಿ ಹಚ್ಚಿ ಪಡಿಯಚ್ಚು ತೆಗೆಯುವುದು ಇನ್ನೊಂದು. ಮೊದಲನೆಯದರಲ್ಲಿ ಓದಿದವನಿಗೆ ತಿಳಿದಷ್ಟೇ ಉಳಿಯುತ್ತದೆ. ಎರಡನೆಯದರಲ್ಲಿ ತಿಳಿಯದ ಅಕ್ಷರವೂ ಸವೆದ ಗೆರೆಯೂ ಕಲ್ಲಿನ ಬಿರುಕೂ ಉಳಿಯುತ್ತವೆ; ಮುಂದಿನ ತಲೆಮಾರಿನ ವಿದ್ವಾಂಸ ಅದನ್ನು ಹೊಸದಾಗಿ ಓದಬಹುದು. ಗಣಕಯಂತ್ರದ ದಾಖಲೆಗಳಿಗೂ ಇದೇ ಭೇದ ಅನ್ವಯಿಸುತ್ತದೆ. ಬೇಕೆನಿಸಿದ ಕಡತಗಳನ್ನು ಆರಿಸಿ ನಕಲು ಮಾಡುವುದು ಪ್ರತಿ. ಹಾರ್ಡ್‌ಡಿಸ್ಕಿನ ಮೊದಲ ಬೈಟಿನಿಂದ ಕೊನೆಯ ಬೈಟಿನವರೆಗೆ ಇದ್ದುದನ್ನು ಇದ್ದ ಕ್ರಮದಲ್ಲೇ ಒಂದು ಕಡತವಾಗಿ ತೆಗೆದಿಡುವ ‘ಡಿಸ್ಕ್ ಇಮೇಜ್’ ಪಡಿಯಚ್ಚು. ಯೂನಿಕೋಡ್‌ಗೆ ಮುಂಚಿನ ಕನ್ನಡದ ಮಟ್ಟಿಗೆ, ಅದರಲ್ಲೂ ಗಡಿಯಾಚೆಯ ದ್ವಿಭಾಷಿಕ ಬರವಣಿಗೆಯ ಮಟ್ಟಿಗೆ, ಈ ಭೇದ ಕೇವಲ ತಾಂತ್ರಿಕವಾದುದಲ್ಲ.

ಇಮೇಜಿನ ಚರಿತ್ರೆ ಡಿಸ್ಕಿನ ಚರಿತ್ರೆಯ ಬೆನ್ನಿಗೇ ಬಂದುದು. 1956ರಲ್ಲಿ ಐಬಿಎಂ ಸಂಸ್ಥೆ ಹೊರತಂದ ರಾಮ್ಯಾಕ್ ಗಣಕದ ಡಿಸ್ಕು ಘಟಕವು 24 ಅಂಗುಲ ವ್ಯಾಸದ 50 ತಟ್ಟೆಗಳಲ್ಲಿ 50 ಲಕ್ಷ ಅಕ್ಷರಗಳನ್ನು ಹಿಡಿಸುತ್ತಿತ್ತು. ಡಿಸ್ಕು ದುಬಾರಿ, ಕಾಂತೀಯ ಟೇಪು ಅಗ್ಗ. ಹೀಗಾಗಿ ಡಿಸ್ಕಿನಲ್ಲಿದ್ದುದನ್ನು ಕಾಲಕಾಲಕ್ಕೆ ಟೇಪಿಗೆ ಇಳಿಸಿಡುವ ವಾಡಿಕೆ ದೊಡ್ಡ ಗಣಕ ಕೇಂದ್ರಗಳಲ್ಲಿ ಬೆಳೆಯಿತು. 1974ರ ಯುನಿಕ್ಸ್ ಐದನೆಯ ಆವೃತ್ತಿಯಲ್ಲಿ ‘ಡಿಡಿ’ ಎಂಬ ಆಜ್ಞೆ ಕಾಣಿಸಿಕೊಂಡಿತು. ಐಬಿಎಂ ಯಂತ್ರಗಳ ಕಾರ್ಯನಿಯಂತ್ರಣ ಭಾಷೆಯಿಂದ ಹೆಸರನ್ನು ಎರವಲು ಪಡೆದ ಈ ಆಜ್ಞೆಯ ಮೂಲ ಕೆಲಸಗಳಲ್ಲಿ ಒಂದು, ಐಬಿಎಂನ ಎಬ್ಸಿಡಿಕ್ ಮತ್ತು ಇತರ ಯಂತ್ರಗಳ ಆಸ್ಕಿ ಎಂಬ ಎರಡು ಅಕ್ಷರಸಂಕೇತಗಳ ನಡುವಿನ ಪರಿವರ್ತನೆ. ದುಭಾಷಿಯಾಗಿ ಹುಟ್ಟಿದ ಈ ಉಪಕರಣವೇ ಮುಂದೆ ಏನನ್ನೂ ಅನುವಾದಿಸದೆ, ಅರ್ಥೈಸದೆ, ಇಡೀ ಡಿಸ್ಕನ್ನು ಯಥಾವತ್ತಾಗಿ ಇಳಿಸಿಕೊಳ್ಳುವ ಸಾಧನವಾಗಿ ಪ್ರಸಿದ್ಧವಾಯಿತು. ಯುನಿಕ್ಸಿನಲ್ಲಿ ಡಿಸ್ಕನ್ನೂ ಕಡತದಂತೆ ಓದಬಹುದಾದ್ದರಿಂದ ಇದು ಸಾಧ್ಯವಾಯಿತು.

ಇಮೇಜನ್ನು ಸಾಮಾನ್ಯ ಕಚೇರಿಗೆ ತಂದ ತಂತ್ರಾಂಶ ‘ಘೋಸ್ಟ್’. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿದ್ದ ಬೈನರಿ ರಿಸರ್ಚ್ ಸಂಸ್ಥೆಗಾಗಿ ಮರ್ರಿ ಹ್ಯಾಜರ್ಡ್ 1995ರ ಸುಮಾರಿಗೆ ಇದನ್ನು ರೂಪಿಸಿದರು. 1998ರಲ್ಲಿ ಸಿಮ್ಯಾಂಟೆಕ್ ಸಂಸ್ಥೆ ಇದನ್ನು ಕೊಂಡುಕೊಂಡಿತು. ಒಂದು ಯಂತ್ರವನ್ನು ಅಣಿಗೊಳಿಸಿ ಅದರ ಅಚ್ಚನ್ನು ಹತ್ತಾರು ಯಂತ್ರಗಳಿಗೆ ಒತ್ತುವುದೇ ಇದರ ಮುಖ್ಯ ಉಪಯೋಗವಾಗಿತ್ತು. ತೈವಾನಿನಲ್ಲಿ ಬೆಳೆದ ಮುಕ್ತ ತಂತ್ರಾಂಶ ‘ಕ್ಲೋನ್‌ಜಿಲ್ಲಾ’ ಅದೇ ಕೆಲಸವನ್ನು ಶುಲ್ಕವಿಲ್ಲದೆ ಸಾಧ್ಯವಾಗಿಸಿತು. ಸಮಯ ಮತ್ತು ಜಾಗದ ಉಳಿತಾಯಕ್ಕಾಗಿ ಇಂತಹ ತಂತ್ರಾಂಶಗಳು ಸಾಮಾನ್ಯವಾಗಿ ಬಳಕೆಯಲ್ಲಿರುವ ಭಾಗಗಳನ್ನಷ್ಟೇ ತೆಗೆದುಕೊಂಡು, ಖಾಲಿಯೆಂದು ಗುರುತಾದ ಜಾಗವನ್ನು ಬಿಟ್ಟುಬಿಡುತ್ತವೆ.

ಆ ‘ಖಾಲಿ’ ಜಾಗಕ್ಕೆ ಬೆಲೆ ಬಂದದ್ದು ಅಪರಾಧ ತನಿಖೆಯಲ್ಲಿ. ಕಡತವೊಂದನ್ನು ಅಳಿಸಿದಾಗ ಹಳೆಯ ಕಾಂತೀಯ ಡಿಸ್ಕುಗಳಲ್ಲಿ ಅಳಿಯುತ್ತಿದ್ದುದು ಅದರ ವಿಳಾಸ ಮಾತ್ರ. ಬೇರೆ ಬರಹ ಅದರ ಮೇಲೆ ಕೂರುವವರೆಗೆ ಒಡಲು ಅಲ್ಲಿಯೇ ಇರುತ್ತಿತ್ತು. ಆದ್ದರಿಂದ ತನಿಖಾಧಿಕಾರಿಗಳು ಮೂಲ ಡಿಸ್ಕಿಗೆ ಏನೂ ಬರೆಯದಂತೆ ತಡೆಯುವ ಸಾಧನವನ್ನು ನಡುವೆ ಇಟ್ಟು, ಸೆಕ್ಟರು ಸೆಕ್ಟರಾಗಿ ಪೂರ್ಣ ಇಮೇಜ್ ತೆಗೆಯುವ ಪದ್ಧತಿಯನ್ನು ರೂಢಿಸಿಕೊಂಡರು. ಮೂಲಕ್ಕೂ ಇಮೇಜಿಗೂ ವ್ಯತ್ಯಾಸವಿಲ್ಲವೆಂಬುದನ್ನು ‘ಹ್ಯಾಶ್’ ಎಂಬ ಗಣಿತಮುದ್ರೆಯಿಂದ ತಾಳೆ ನೋಡಲಾಗುತ್ತದೆ. ಒಂದು ಬಿಟ್ ಬದಲಾದರೂ ಮುದ್ರೆ ಬದಲಾಗುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವು ವಿದ್ಯುನ್ಮಾನ ದಾಖಲೆಗಳಿಗೆ ನಿಗದಿಪಡಿಸಿದ ಪ್ರಮಾಣಪತ್ರದ ನಮೂನೆಯಲ್ಲಿ ಹ್ಯಾಶ್ ಮೌಲ್ಯವನ್ನೂ ಕೇಳುತ್ತದೆ.

ಪೊಲೀಸರ ಈ ವಿಧಾನವನ್ನು ಪತ್ರಾಗಾರಗಳು ಎರವಲು ಪಡೆದವು. ಅಮೆರಿಕದ ಎಮೊರಿ ವಿಶ್ವವಿದ್ಯಾಲಯಕ್ಕೆ ಕಾದಂಬರಿಕಾರ ಸಲ್ಮಾನ್ ರಶ್ದಿ ಅವರ ಕಾಗದಪತ್ರಗಳೊಂದಿಗೆ ಅವರು ಬಳಸಿದ ಆಪಲ್ ಗಣಕಗಳೂ ಬಂದವು. ಅವುಗಳ ಡಿಸ್ಕ್ ಇಮೇಜ್ ತೆಗೆದು, 2010ರಲ್ಲಿ ಸಂಶೋಧಕರಿಗೆ ತೆರೆದಾಗ, ಒಂದು ಯಂತ್ರವನ್ನು ಹೊಸ ಗಣಕದೊಳಗೆ ಅನುಕರಣೆಯಾಗಿ ಮರುಜೀವಗೊಳಿಸಲಾಗಿತ್ತು. ಲೇಖಕರ ಬರಹವನ್ನಷ್ಟೇ ಅಲ್ಲ, ಅವರು ಬರೆದ ಪರಿಸರವನ್ನೂ ಓದುಗ ಕಾಣಬಹುದಾಯಿತು. 2011ರಲ್ಲಿ ನಾರ್ತ್ ಕ್ಯಾರೊಲಿನಾ ಮತ್ತು ಮೇರಿಲ್ಯಾಂಡ್ ವಿಶ್ವವಿದ್ಯಾಲಯಗಳು ಆರಂಭಿಸಿದ ‘ಬಿಟ್‌ಕ್ಯುರೇಟರ್’ ಯೋಜನೆ ಈ ಉಪಕರಣಗಳನ್ನು ಗ್ರಂಥಾಲಯಗಳಿಗೆ ಒಗ್ಗಿಸಿತು.

ಕನ್ನಡಕ್ಕೆ ಇದು ಏಕೆ ಮುಖ್ಯ? 1991ರಲ್ಲಿಯೇ ಭಾರತೀಯ ಲಿಪಿಗಳ ಇಸ್ಕಿ ಮಾನಕವೂ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡದ ಸ್ಥಾನಗಳೂ ನಿಗದಿಯಾಗಿದ್ದವು. ಆದರೆ ವಿಂಡೋಸ್‌ನಲ್ಲಿ ಕನ್ನಡಕ್ಕೆ ನೇರ ಆಸರೆ ಬಂದದ್ದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ. ಅದಕ್ಕೆ ಮುಂಚೆಯೂ, ಅನಂತರ ಬಹುಕಾಲವೂ, ಕನ್ನಡದ ಪುಟವಿನ್ಯಾಸ ನಡೆದದ್ದು ಶ್ರೀಲಿಪಿ, ಬರಹ, ನುಡಿ ಮೊದಲಾದ ತಂತ್ರಾಂಶಗಳ ಫಾಂಟುಗಳಲ್ಲಿ. ಅಲ್ಲಿ ಕಡತದಲ್ಲಿರುತ್ತಿದ್ದುದು ಕನ್ನಡದ ಅಕ್ಷರವಲ್ಲ, ಒಂದು ಸಂಖ್ಯೆ ಮಾತ್ರ. ರೋಮನ್ ಅಕ್ಷರಕ್ಕೋ ಚಿಹ್ನೆಗೋ ಮೀಸಲಾದ ಸ್ಥಾನದಲ್ಲಿ ಫಾಂಟು ಕನ್ನಡದ ಅಕ್ಷರಭಾಗವೊಂದನ್ನು ಚಿತ್ರಿಸುತ್ತಿತ್ತು. ಫಾಂಟು ಕಳೆದುಹೋದರೆ ಬರಹ ಅರ್ಥಹೀನ ಚಿಹ್ನೆಗಳ ಸಾಲಾಗುತ್ತದೆ.

ಏಕಭಾಷಿಕ ಕಡತದಲ್ಲಿ ಈ ತೊಡಕನ್ನು ಹೇಗೋ ಬಿಡಿಸಬಹುದು. ದ್ವಿಭಾಷಿಕ ಕಡತದಲ್ಲಿ ಅದು ಇಮ್ಮಡಿಸುತ್ತದೆ. ಒಂದೇ ಸಂಖ್ಯೆ ಒಂದು ಫಾಂಟಿನಲ್ಲಿ ಕನ್ನಡದ ಅಕ್ಷರಭಾಗವಾದರೆ ಮತ್ತೊಂದರಲ್ಲಿ ದೇವನಾಗರಿಯದೋ ಮಲಯಾಳದ್ದೋ ತಮಿಳಿನದೋ ಆಗಿರುತ್ತದೆ. ಸೊಲ್ಲಾಪುರದಲ್ಲಿ ಮರಾಠಿಯೊಡನೆ ಕನ್ನಡವನ್ನು, ಕಾಸರಗೋಡಿನಲ್ಲಿ ಮಲಯಾಳದೊಡನೆ ಕನ್ನಡವನ್ನು ಒಂದೇ ಪುಟದಲ್ಲಿ ಜೋಡಿಸಿದ ಆಮಂತ್ರಣ, ವರದಿ, ಸ್ಮರಣಸಂಚಿಕೆಗಳಲ್ಲಿ ಯಾವ ಸಾಲು ಯಾವ ಭಾಷೆ ಎಂಬುದನ್ನು ಹೇಳುತ್ತಿದ್ದುದು ಫಾಂಟಿನ ಹೆಸರೊಂದೇ. ಪಠ್ಯವನ್ನಷ್ಟೇ ಎತ್ತಿಕೊಂಡರೆ ಎರಡು ಭಾಷೆಗಳ ನಡುವಿನ ಗಡಿಯೇ ಅಳಿಸಿಹೋಗುತ್ತದೆ. ಇಮೇಜಿನಲ್ಲಾದರೋ ಕಡತ, ಫಾಂಟು, ಪುಟವಿನ್ಯಾಸದ ತಂತ್ರಾಂಶ, ಕೀಲಿಮಣೆಯ ವಿನ್ಯಾಸ ಎಲ್ಲವೂ ಒಟ್ಟಿಗೆ ಉಳಿಯುತ್ತವೆ.

ಎಲ್ಲವನ್ನೂ ಯೂನಿಕೋಡಿಗೆ ಪರಿವರ್ತಿಸಿಬಿಟ್ಟರೆ ಮೂಲದ ಹಂಗೇಕೆ ಎಂಬ ಪ್ರಶ್ನೆ ಸಹಜ. ಪರಿವರ್ತನೆ ಅಗತ್ಯ, ಆದರೆ ಪರಿವರ್ತನೆಯೂ ಒಂದು ಓದು. ‘ಸೂರ್ಯ’ ಎಂಬ ಪದದಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವುದು ಯಕಾರದ ಬಳಿಕ. ಉಚ್ಚಾರಣೆಯಲ್ಲಿ ರೇಫ ಅದಕ್ಕಿಂತ ಮೊದಲು. ಫಾಂಟು ಕಣ್ಣಿನ ಕ್ರಮವನ್ನೂ ಯೂನಿಕೋಡ್ ಉಚ್ಚಾರಣೆಯ ಕ್ರಮವನ್ನೂ ಅನುಸರಿಸುವುದರಿಂದ ಪರಿವರ್ತಕ ತಂತ್ರಾಂಶ ಅಕ್ಷರಗಳನ್ನು ಹಿಂದುಮುಂದಾಗಿಸಬೇಕಾಗುತ್ತದೆ. ಅಲ್ಲಿ ನುಸುಳಿದ ತಪ್ಪನ್ನು ಮುಂದೊಂದು ದಿನ ತಿದ್ದಬೇಕಾದರೆ ಮೂಲ ಕೈಗೆ ಸಿಗಬೇಕು. ಸ್ಥಳನಾಮ, ಮನೆತನದ ಹೆಸರು, ಉಪಭಾಷೆಯ ರೂಪಗಳಲ್ಲಿ ಇಂತಹ ತಪ್ಪು ನಿಘಂಟಿನ ಸಹಾಯದಿಂದ ಪತ್ತೆಯಾಗುವುದೂ ಕಷ್ಟ.

ಪಡಿಯಚ್ಚಿಗೂ ಮಿತಿಗಳಿವೆ. ಹಳೆಯ ಕೆಲವು ಭಾರತೀಯ ಭಾಷಾ ತಂತ್ರಾಂಶಗಳು ಗಣಕಕ್ಕೆ ಚುಚ್ಚಿಡಬೇಕಾದ ‘ಡಾಂಗಲ್’ ಎಂಬ ಬೀಗವಿಲ್ಲದೆ ತೆರೆದುಕೊಳ್ಳುತ್ತಿರಲಿಲ್ಲ. ಆ ಬೀಗ ಇಮೇಜಿನಲ್ಲಿ ಬರುವುದಿಲ್ಲ. ಗೂಢಲಿಪೀಕರಿಸಿದ ಡಿಸ್ಕಿನ ಇಮೇಜ್ ಸಂಕೇತಪದವಿಲ್ಲದೆ ನಿರುಪಯುಕ್ತ. ಇಂದಿನ ಎಸ್‌ಎಸ್‌ಡಿಗಳಲ್ಲಿ ಅಳಿಸಿದ ಕಡತದ ಒಡಲೂ ಬೇಗ ಇಲ್ಲವಾಗುವುದರಿಂದ ಖಾಲಿ ಜಾಗ ನಿಜಕ್ಕೂ ಖಾಲಿಯಾಗಿರಬಹುದು. ಇದಕ್ಕಿಂತ ಗಹನವಾದದ್ದು ನೈತಿಕ ಪ್ರಶ್ನೆ. ಎಲ್ಲವನ್ನೂ ಉಳಿಸುವ ವಿಧಾನವು ಖಾಸಗಿ ಪತ್ರವನ್ನೂ, ಒಡೆಯ ಬೇಕೆಂದೇ ಅಳಿಸಿದ ಬರಹವನ್ನೂ ಉಳಿಸುತ್ತದೆ. ಸಂರಕ್ಷಿಸುವುದು ಬೇರೆ, ಓದಲು ತೆರೆದಿಡುವುದು ಬೇರೆ. ಎರಡನೆಯದಕ್ಕೆ ದಾನಿಯ ಲಿಖಿತ ಒಪ್ಪಿಗೆ ಬೇಕು.

ಈ ಮಿತಿಗಳಿದ್ದರೂ ಕ್ರಮ ಸ್ಪಷ್ಟವಾಗಿದೆ: ಮೊದಲು ಇಮೇಜ್, ಅನಂತರ ಹ್ಯಾಶ್, ಆಮೇಲೆ ಬೇರೆ ಬೇರೆ ಸ್ಥಳಗಳಲ್ಲಿ ಅದರ ಪ್ರತಿಗಳು, ಕೊನೆಗೆ ಪರಿವರ್ತನೆ. ರಾಜ್ಯವೊಂದರ ಪತ್ರಾಗಾರ ತನ್ನ ಆಡಳಿತ ಭಾಷೆಯ ಕಡತಗಳನ್ನು ಗುರುತಿಸಿ ಕಾಪಾಡೀತು; ಅದಕ್ಕೆ ಓದಲು ಬಾರದ ಭಾಷೆಯ ಕಡತ ಅದರ ಕಣ್ಣಿಗೆ ನಿಷ್ಪ್ರಯೋಜಕ ಚಿಹ್ನೆಗಳ ರಾಶಿಯಾಗಿಯೇ ಕಂಡೀತು. ಓದಲು ಬಾರದುದನ್ನೂ ಕೆಡದಂತೆ ದಾಟಿಸುವ ಏಕೈಕ ಪ್ರತಿ ಇಮೇಜ್. ಹಳೆಯ ಗಣಕವೊಂದು ಗುಜರಿಗೆ ಹೊರಡುವ ಮುನ್ನ ಅದರ ಡಿಸ್ಕನ್ನು ಬಿಚ್ಚಿ ತೆಗೆದಿಡುವಷ್ಟು ಅವಧಾನ ಅಲ್ಪಸಂಖ್ಯಾತ ಭಾಷೆಯ ಸಂಸ್ಥೆಗಳಲ್ಲಿ ಮೂಡಿದರೆ, ಯೂನಿಕೋಡ್‌ಪೂರ್ವ ದಶಕಗಳ ಗಡಿನಾಡ ಕನ್ನಡಕ್ಕೆ ಮುಂದಿನ ಓದುಗರು ಸಿಗುತ್ತಾರೆ.