ಯಲಹಂಕ ಸೀಮೆಯ ಅಡಿಗಲ್ಲುಗಳು: ತೂಕ ಮತ್ತು ಕಾಲದ ಗುರುತುಗಳು

ಕಾದ ಕಬ್ಬಿಣವನ್ನಿಟ್ಟು ಬಡಿಯುವ ಗಟ್ಟಿ ದಿಮ್ಮಿಗೆ ಅಡಿಗಲ್ಲು ಎಂದು ಹೆಸರು. ಯಲಹಂಕ, ಹೆಬ್ಬಾಳ, ಯಶವಂತಪುರಗಳು ಬೇಸಾಯದ ಊರುಗಳಾಗಿದ್ದ ಕಾಲದಲ್ಲಿ ಇಲ್ಲಿನ ಕಮ್ಮಾರನು ಆಯಗಾರರಲ್ಲಿ ಒಬ್ಬನಾಗಿದ್ದು, ಅಂದರೆ ವರ್ಷವಿಡೀ ಊರಿನ ಕೆಲಸ ಮಾಡಿ ಸುಗ್ಗಿಯಲ್ಲಿ ಕಣದಿಂದ ಧಾನ್ಯದ ಪಾಲು ಪಡೆಯುವವನಾಗಿದ್ದು, ನೇಗಿಲ ಗುಳ, ಕುಡುಗೋಲು, ಮಚ್ಚು, ಗಾಡಿಯ ಕೀಲುಗಳೆಲ್ಲವೂ ಅವನ ಕುಲುಮೆಯಿಂದಲೇ ಬರುತ್ತಿದ್ದವು. ಆ ಕುಲುಮೆಯ ತಿದಿ ಹರಿದರೆ ಹೊಸ ತೊಗಲು ಬರುತ್ತಿತ್ತು, ಸುತ್ತಿಗೆಯ ಕಾವು ಮುರಿದರೆ ಹೊಸದನ್ನು ತೊಡಿಸುತ್ತಿದ್ದರು. ಅಡಿಗಲ್ಲು ಮಾತ್ರ ತಂದೆಯಿಂದ ಮಗನಿಗೆ ಹಾಗೆಯೇ ಇಳಿದು ಬರುತ್ತಿತ್ತು. ಹೀಗಾಗಿ ಈ ಕಸುಬಿನ ಇತಿಹಾಸವನ್ನು ಹುಡುಕುವವರಿಗೆ ಅದೇ ಮುಖ್ಯ ಆಧಾರ, ಆದರೆ ಅದರ ಮೈಮೇಲಿನ ಗುರುತುಗಳನ್ನು ಕಂಡಂತೆಯೇ ನಂಬಿದರೆ ದಾರಿ ತಪ್ಪುವುದು ಖಂಡಿತ.

ಹಳೆಯ ನಾಡ ಅಡಿಗಲ್ಲಿಗೆ ಕೊಂಬಿರಲಿಲ್ಲ. ಅದು ಚೌಕನೆಯ ಗಟ್ಟಿ ತುಂಡಾಗಿದ್ದು, ನೆಲದಲ್ಲಿ ಹೂತ ಮರದ ಕೊರಡಿನಲ್ಲಿ ಕೂರಿಸಲ್ಪಟ್ಟು, ಕುಳಿತೇ ಕೆಲಸ ಮಾಡುವ ಕಮ್ಮಾರನ ಕೈಗೆ ಸರಿಯಾಗಿ ನೆಲದಿಂದ ಸ್ವಲ್ಪವೇ ಮೇಲಿರುತ್ತಿತ್ತು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಾಗಡಿಯ ಕಡೆಯಲ್ಲಿಯೂ ಚನ್ನರಾಯನದುರ್ಗದ ಸುತ್ತಲೂ ಕಪ್ಪು ಮರಳಿನಿಂದ ಕಬ್ಬಿಣ ತೆಗೆಯುವುದನ್ನು ವಿವರವಾಗಿ ಬರೆದಿದ್ದಾನೆ. ಅಂಥ ಇದ್ದಿಲ ಕುಲುಮೆಗಳಲ್ಲಿ ಒಂದು ಸಲಕ್ಕೆ ಸಿಗುತ್ತಿದ್ದುದು ಸಣ್ಣ ಮುದ್ದೆಯಾದುದರಿಂದ, ದೊಡ್ಡ ದಿಮ್ಮಿ ಬೇಕಾದಾಗ ಹಲವು ಮುದ್ದೆಗಳನ್ನು ಕಾಯಿಸಿ ಬಡಿದು ಒಂದರೊಡನೊಂದು ಬೆಸೆಯಬೇಕಾಗುತ್ತಿತ್ತು. ಆದಕಾರಣ ಬದಿಯಲ್ಲಿ ಪದರಪದರವಾದ ಸೀಳುಗೆರೆಗಳು ಕಾಣುವ ಅಡಿಗಲ್ಲು ಆ ಹಳೆಯ ಬಗೆಯ ಕಬ್ಬಿಣದ್ದೆಂದು ಊಹಿಸಲು ಅವಕಾಶವಿದೆ. ಅದಕ್ಕಿಂತ ಹೆಚ್ಚಿನ ಖಚಿತತೆಯನ್ನು ಅದರಿಂದ ಬಯಸಬಾರದು.

ಇಂಥ ತುಂಡಿನ ಮೇಲೆ ತೂಕದ ಅಂಕಿ ಇರುವುದಿಲ್ಲವಾದರೂ ಅಳತೆಯಿಂದ ಅದನ್ನು ಲೆಕ್ಕ ಹಾಕಬಹುದು. ಮೆದು ಕಬ್ಬಿಣದ ಒಂದು ಘನ ಸೆಂಟಿಮೀಟರು ಸುಮಾರು 7.7 ಗ್ರಾಂ ತೂಗುವುದರಿಂದ, 15 ಸೆಂ.ಮೀ. ಚೌಕದ, 20 ಸೆಂ.ಮೀ. ಎತ್ತರದ ದಿಮ್ಮಿಯು 35 ಕಿಲೋಗ್ರಾಂನಷ್ಟಾಗುತ್ತದೆ. ಮನೆಯವರು ಬಾಯಿಮಾತಿನಲ್ಲಿ ಹೇಳುವ ಮಣದ ಲೆಕ್ಕವನ್ನು ಒಪ್ಪುವ ಮೊದಲು ಯಾವ ಮಣವೆಂದು ಕೇಳುವುದು ಅಗತ್ಯ. ಮೈಸೂರು ಸೀಮೆಯ ಕಚ್ಚಾ ಸೇರು 24 ತೊಲವಾಗಿದ್ದು, ಅಂಥ 40 ಸೇರಿನ ಮಣವು ಸುಮಾರು 11.2 ಕಿಲೋಗ್ರಾಂ ಆಗುತ್ತಿದ್ದರೆ, ಉತ್ತರ ಭಾರತದ ಸರ್ಕಾರಿ ಮಣವು 37.3 ಕಿಲೋಗ್ರಾಂ ತೂಗುತ್ತಿತ್ತು. ಎರಡು ಮಣದ ಅಡಿಗಲ್ಲು ಒಂದು ಲೆಕ್ಕದಲ್ಲಿ ಒಬ್ಬಾಳು ಎತ್ತುವಂಥದು, ಇನ್ನೊಂದು ಲೆಕ್ಕದಲ್ಲಿ ಇಬ್ಬರಿಗೂ ಭಾರ.

ಕೊಂಬಿನ ಅಡಿಗಲ್ಲು ಬಂದದ್ದು ಬೇರೆ ದಾರಿಯಿಂದ. 1809ರಲ್ಲಿ ಬೆಂಗಳೂರಿನ ದಂಡು ಪ್ರದೇಶ ನೆಲೆಗೊಂಡು, 1880ರ ದಶಕದಲ್ಲಿ ಯಶವಂತಪುರದ ಮೂಲಕ ತುಮಕೂರಿನತ್ತ ಮೀಟರ್ ಗೇಜ್ ರೈಲು ಓಡತೊಡಗಿದ ಮೇಲೆ, ಸೇನೆಯ ಹಾಗೂ ರೈಲ್ವೆಯ ಕಮ್ಮಾರ ಕಾರ್ಯಾಗಾರಗಳಿಗೆ ಇಂಗ್ಲೆಂಡಿನ ಮಾದರಿಯ ಉಪಕರಣಗಳು ಬೇಕಾದವು. ಇಂದಿನ ಆರ್.ಟಿ. ನಗರಕ್ಕೆ ಹತ್ತಿರದ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ಪಡೆಯ ಸ್ಮಾರಕವಿದ್ದು, 1918ರ ಹೈಫಾ ಕಾಳಗದಲ್ಲಿ ಹೋರಾಡಿದ ಈ ಪಡೆಯಂಥ ಯಾವ ಕುದುರೆ ದಂಡೂ ಲಾಳ ಬಡಿಯುವವರಿಲ್ಲದೆ ನಡೆಯುವಂತಿರಲಿಲ್ಲ. ಲಾಳವನ್ನು ಬಾಗಿಸುವುದಕ್ಕೆ ಕೊಂಬು, ಕೆಳಗೆ ಉಳಿ ನಿಲ್ಲಿಸುವುದಕ್ಕೆ ಚೌಕ ತೂತು, ಲಾಳದಲ್ಲಿ ಮೊಳೆಗಂಡಿ ಕೊರೆಯುವುದಕ್ಕೆ ದುಂಡನೆಯ ಸಣ್ಣ ತೂತು, ಇವು ಆ ಅಡಿಗಲ್ಲಿನ ಅಂಗಗಳು.

ಅದರ ಬದಿಯಲ್ಲಿ ಹಲವೊಮ್ಮೆ 1·2·10 ಎಂಬಂತೆ ಮೂರು ಅಂಕಿಗಳನ್ನು ಕೊರೆದಿರುತ್ತಾರೆ. ಇದನ್ನು 1210 ಎಂದೋ, ತಯಾರಾದ ದಿನಾಂಕವೆಂದೋ ಓದುವವರುಂಟು. ವಾಸ್ತವದಲ್ಲಿ ಇದು ಇಂಗ್ಲೆಂಡಿನ ಹಂಡ್ರೆಡ್‌ವೇಟ್ ಲೆಕ್ಕ: ಮೊದಲ ಅಂಕಿಯನ್ನು 112ರಿಂದಲೂ ಎರಡನೆಯದನ್ನು 28ರಿಂದಲೂ ಗುಣಿಸಿ, ಮೂರನೆಯದನ್ನು ಹಾಗೆಯೇ ಕೂಡಿದರೆ ತೂಕವು ಪೌಂಡಿನಲ್ಲಿ, ಹಳೆಯ ಅಂಗಡಿಗಳ ಮಾತಿನಲ್ಲಿ ರಾತ್ಲಿನಲ್ಲಿ, ಸಿಗುತ್ತದೆ. ಮೇಲಿನ ಉದಾಹರಣೆಯಲ್ಲಿ 112, 56 ಮತ್ತು 10 ಸೇರಿ 178 ಪೌಂಡು, ಎಂದರೆ 80.7 ಕಿಲೋಗ್ರಾಂ. ನಡುವಿನ ಅಂಕಿ 3ನ್ನೂ ಕೊನೆಯದು 27ನ್ನೂ ಮೀರುವಂತಿಲ್ಲ. ಮೀರಿದ್ದರೆ ಒಂದೋ ಓದಿದ್ದು ತಪ್ಪು, ಇಲ್ಲವೇ ಅದು ತೂಕದ ಗುರುತೇ ಅಲ್ಲ. ವರ್ಷವರ್ಷವೂ ಆಯುಧಪೂಜೆಯಲ್ಲಿ ಬಳಿದ ಅರಿಸಿನ ಕುಂಕುಮ, ಎಣ್ಣೆ, ಮಸಿ ಸೇರಿ ಅಂಕಿಗಳು ಮುಚ್ಚಿಹೋಗಿರುವಲ್ಲಿ, ಮೈಯನ್ನು ಒಣಬಟ್ಟೆಯಿಂದ ಒರೆಸಿ, ಸೀಮೆಸುಣ್ಣವನ್ನು ಅಡ್ಡಲಾಗಿ ಉಜ್ಜಿ, ದೀಪವನ್ನು ಬದಿಯಿಂದ ಓರೆಯಾಗಿ ಹಿಡಿದರೆ ತಗ್ಗುಗಳು ಕಪ್ಪಾಗಿ ಎದ್ದು ಕಾಣುತ್ತವೆ; ಅರದಿಂದ ಕೆರೆಯುವುದು ಮಾತ್ರ ಇದ್ದ ಸಾಕ್ಷಿಯನ್ನೂ ಅಳಿಸಿಬಿಡುವ ಕೆಲಸ. ಗುರುತಿನ ತೂಕಕ್ಕೂ ತಕ್ಕಡಿಯ ತೂಕಕ್ಕೂ ವ್ಯತ್ಯಾಸವಿದ್ದರೆ ಕೊಂಬಿನ ತುದಿ ಮುರಿದಿರಬಹುದು ಅಥವಾ ಮೇಲ್ಮೈಯನ್ನು ಉಜ್ಜಿ ಸಮ ಮಾಡಿರಬಹುದು. ಭಾರತದಲ್ಲಿ 1958ರ ಅಕ್ಟೋಬರಿನಿಂದ ಹಂತಹಂತವಾಗಿ ಮೆಟ್ರಿಕ್ ತೂಕ ಜಾರಿಗೆ ಬಂದುದರಿಂದ, ಕಿಲೋಗ್ರಾಂ ಮುದ್ರೆಯುಳ್ಳ ದೇಶೀ ಅಡಿಗಲ್ಲನ್ನು ಅದಕ್ಕಿಂತ ಹಿಂದಕ್ಕೆ ಒಯ್ಯುವುದು ಕಷ್ಟ.

ಕಾಲನಿರ್ಣಯ ಇದಕ್ಕಿಂತ ಜಟಿಲ. ದುಂಡು ತೂತು ಇಂಗ್ಲೆಂಡಿನ ಅಡಿಗಲ್ಲುಗಳಲ್ಲಿ ಸುಮಾರು 1830ರ ದಶಕದಿಂದೀಚೆಗೆ ಸಾಮಾನ್ಯವಾಯಿತು ಎಂಬುದು ಒಂದು ಸುಳಿವು. ನಡುವಿನಲ್ಲೂ ತಳದಲ್ಲೂ ಇರುವ ಚೌಕ ಕುಳಿಗಳು, ಕಾದ ದಿಮ್ಮಿಯನ್ನು ಸರಳಿನಿಂದ ಹಿಡಿದು ತಿರುಗಿಸಲು ಮಾಡಿದವಾಗಿದ್ದು, ಅಡಿಗಲ್ಲು ಎರಕ ಹೊಯ್ದದ್ದಲ್ಲ, ಬಡಿದು ಮಾಡಿದ್ದು ಎಂಬುದನ್ನು ತೋರುತ್ತವೆ. ಅಂಥದರ ಮೆದು ಕಬ್ಬಿಣದ ಮೈಮೇಲೆ ಉಕ್ಕಿನ ಹಲಗೆಯನ್ನು ಬೆಸೆದಿರುವುದರಿಂದ ಸುತ್ತಿಗೆಯ ಪೆಟ್ಟಿಗೆ ಠಣ್ಣೆಂಬ ನಾದ ಹೊರಡುತ್ತದೆ; ಬೀಡು ಕಬ್ಬಿಣದ್ದಾದರೆ ಸದ್ದು ಮಂಕಾಗಿರುತ್ತದೆ. ಡಡ್ಲಿಯ ಪೀಟರ್ ರೈಟ್ ಕಂಪನಿಯ ಮುದ್ರೆಯೊಡನೆ ‘ಇಂಗ್ಲೆಂಡ್’ ಎಂಬ ಪದವಿದ್ದರೆ 1891ರ ಈಚಿನದು, ಇಲ್ಲದಿದ್ದರೆ ಹಿಂದಿನದು ಎಂದು ಅಮೆರಿಕದ ಸಂಗ್ರಾಹಕರು ಹೇಳುವುದುಂಟು. ಆದರೆ ಆ ಸೂತ್ರಕ್ಕೆ ಆಧಾರವಾದ 1890ರ ಕಾನೂನು ಅಮೆರಿಕಕ್ಕೆ ಆಮದಾಗುವ ಸರಕಿಗೆ ಸಂಬಂಧಿಸಿದ್ದು. ಬೆಂಗಳೂರಿನ ಕುಲುಮೆಯಲ್ಲಿ ಸಿಕ್ಕ ಅಡಿಗಲ್ಲಿನ ಮೇಲೆ ಆ ಪದವಿಲ್ಲವೆಂಬ ಒಂದೇ ಕಾರಣಕ್ಕೆ ಅದನ್ನು ಹಳೆಯದೆಂದು ತೀರ್ಮಾನಿಸುವುದು ಸಲ್ಲದು. ಸವೆತವನ್ನು ವಯಸ್ಸಿನ ಲೆಕ್ಕಕ್ಕೆ ತರುವುದೂ ಅಷ್ಟೇ ಅಪಾಯಕರ, ಏಕೆಂದರೆ ರೈಲ್ವೆ ಕಾರ್ಯಾಗಾರದಲ್ಲಿ ಹಗಲಿಡೀ ಸಮ್ಮಟಿಗೆಯ ಏಟು ತಿಂದ ಅಡಿಗಲ್ಲು ಹತ್ತಾರು ವರ್ಷಗಳಲ್ಲೇ ತಗ್ಗಬಹುದು, ಊರ ಕುಲುಮೆಯದು ಅದರ ಎರಡರಷ್ಟು ಕಾಲ ಚಪ್ಪಟೆಯಾಗಿಯೇ ಉಳಿಯಬಹುದು.

ಮೂರನೆಯ ಬಗೆ ರೈಲು ಹಳಿಯ ತುಂಡು. ಹಳಿಯ ನಡುವಿನ ತೆಳುಭಾಗದಲ್ಲಿ ಉಬ್ಬಕ್ಷರಗಳಲ್ಲಿ ಕಾರ್ಖಾನೆಯ ಹೆಸರು, ವರ್ಷ, ಗಜಕ್ಕೆ ಇಷ್ಟು ಪೌಂಡೆಂಬ ತೂಕ ಇವೆಲ್ಲ ಇರುವುದುಂಟಾದ್ದರಿಂದ ಇದರ ಓದು ಸುಲಭವೆನಿಸುತ್ತದೆ. ಗಜಕ್ಕೆ 60 ಪೌಂಡಿನ ಹಳಿಯ ಒಂದು ಅಡಿಯ ತುಂಡು 20 ಪೌಂಡು, ಅಂದರೆ ಸುಮಾರು 9 ಕಿಲೋಗ್ರಾಂ. ಆದರೆ ಅಲ್ಲಿ ಓದಿದ ವರ್ಷವು ಹಳಿ ತಯಾರಾದದ್ದು, ಅಡಿಗಲ್ಲು ಹುಟ್ಟಿದ್ದಲ್ಲ. ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ 1915ರಲ್ಲಿ ತೆರೆದ ಕಿರು ಗೇಜ್ ಮಾರ್ಗದ ಹಳಿಗಳಾಗಲಿ, ಮೀಟರ್ ಗೇಜ್‌ನವಾಗಲಿ ಬಹುಕಾಲ ಓಡಾಟಕ್ಕೆ ಒದಗಿ, ಮಾರ್ಗಗಳು ಅಗಲವಾದಾಗಲೋ ದುರಸ್ತಿಯಾದಾಗಲೋ ಗುಜರಿಗೆ ಬಂದು, ಆ ಮೇಲೆ ಕಮ್ಮಾರನ ಕೈ ಸೇರಿದವು. ಆದ್ದರಿಂದ ಹಳಿಯ ಮೇಲಿನ ವರ್ಷವನ್ನು ಅಡಿಗಲ್ಲಿನ ಕಾಲದ ಹಿಂದಿನ ಎಲ್ಲೆಯೆಂದು ಮಾತ್ರ ಹಿಡಿದು, ಈಚಿನ ಎಲ್ಲೆಯನ್ನು ಆಯಾ ಮಾರ್ಗದ ಹಳಿ ಕಿತ್ತ ವರ್ಷದಿಂದಲೂ ಮನೆಯವರ ನೆನಪಿನಿಂದಲೂ ಹುಡುಕಬೇಕಾಗುತ್ತದೆ.